ಮಗುವಿನ ಕರುಳಿನಲ್ಲಿ ಅಲ್ಲಾಹನಿಟ್ಟ ಅಮಾನತ್ತು

(ಇಳಕಲ್‌ನಲ್ಲಿ ಜುಮಾ ದಿನ ನೀಡಿದ ಬಯಾನ್‌ನ ಸಾರಾಂಶ. ಮಸೀದಿಯಲ್ಲಿ ಕೇಳಿದವರು ಗಂಡಸರು. ಆದರೆ ಪತ್ರಿಕೆ ಮನೆಯೊಳಗೂ ಹೋಗುತ್ತದೆ. ಆದ್ದರಿಂದ ತಾಯಂದಿರಿಗಾಗಿ ಕೆಲವು ಮಾತು ಸೇರಿಸಿ ಬರೆದಿದ್ದೇನೆ.)





ಮೊನ್ನೆ ಇಶಾ ನಮಾಝ್ ಮುಗಿಸಿ ಹೊರಬರುವಾಗ ಒಬ್ಬ ಯುವಕ ಬಾಗಿಲಲ್ಲಿ ನಿಂತಿದ್ದ. ನೇಕಾರರ ಮನೆಯ ಹುಡುಗ. ಮುಖದಲ್ಲಿ ಸಂತೋಷ, ಕೈಯಲ್ಲಿ ಜೇನಿನ ಸಣ್ಣ ಬಾಟಲಿ. "ಹಝ್ರತ್, ಗಂಡು ಮಗು ಆಗೇತಿ. ನೀವ ಬಂದು ಜೇನ ಮುಟ್ಟಿಸಬೇಕು. ಅಲ್ಲೀತನಕ ಏನೂ ಕೊಡಬ್ಯಾಡ್ರಿ ಅಂತ ನಮ್ಮ ದಾದಿ ಹೇಳ್ಯಾರ" ಅಂದ. ಮಗು ಹುಟ್ಟಿ ಎಷ್ಟು ಹೊತ್ತಾಯಿತು ಎಂದು ಕೇಳಿದೆ. "ಅಸರ್ ಅಝಾನ್ ಹೊತ್ತಿಗೆ" ಅಂದ. ಅಂದರೆ ನಾಲ್ಕು ತಾಸಾಗಿತ್ತು. ತಾಯಿಯ ಮಡಿಲಲ್ಲಿ ಮಗು ಅಳುತ್ತಿತ್ತು, ತಾಯಿಯ ಎದೆಯಲ್ಲಿ ಹಾಲಿತ್ತು. ನಡುವೆ ಇಮಾಮ್ ಸಾಹೇಬರ ದಾರಿ ಕಾಯುವ ಒಂದು ಬಾಟಲಿ!

ಆ ಹುಡುಗನನ್ನು ನಾನು ಗದರಿಸಲಿಲ್ಲ. ಗದರಿಸುವ ಹಕ್ಕು ನನಗಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಹುನಗುಂದದಲ್ಲಿ ನನ್ನ ಮೊದಲ ಮಗಳು ಹುಟ್ಟಿದಾಗ ನಾನೇ ಜೇನು ಮುಟ್ಟಿಸಿದ್ದೆ. ಮೊದಲ ಹಳದಿ ಹಾಲು ಭಾರ, ಮಗುವಿಗೆ ಅರಗುವುದಿಲ್ಲ ಎಂದು ಮನೆಯ ಹಿರಿಯರು ಹಿಂಡಿ ಚೆಲ್ಲಿಸಿದರು. ಎರಡು ದಿನ ಬೆಲ್ಲದ ನೀರಿನ ಮೇಲೆ ಮಗು ಕಳೆಯಿತು. ಮದರಸಾದಲ್ಲಿ ಎಂಟು ವರ್ಷ ಓದಿದವನು ನಾನು, ಬಿ.ಎ. ಕೂಡ ಮುಗಿಸಿದವನು. ಬಾಯಿ ಬಿಡಲಿಲ್ಲ. ಆಮೇಲೆ ಊರಿನ ಎಷ್ಟು ಮಕ್ಕಳ ನಾಲಿಗೆಗೆ ಇದೇ ಬೆರಳಿನಿಂದ ಜೇನು ಸವರಿದ್ದೇನೋ ಲೆಕ್ಕವಿಲ್ಲ. ಅಲ್ಲಾಹನು ಕ್ಷಮಿಸಲಿ.

ಅದೇ ಮಗಳು ಈಗ ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಗರ್ಭದಲ್ಲಿ ಮಗು ಬೆಳೆಯುವ ಪಾಠವನ್ನು ನನ್ನ ಮುಂದೆ ಗಟ್ಟಿಯಾಗಿ ಓದುತ್ತಿದ್ದಳು. ಓದುತ್ತ ಓದುತ್ತ ನಿಲ್ಲಿಸಿ, "ಅಬ್ಬಾ, ನನಗೂ ಜೇನೇ ಕೊಟ್ಟಿದ್ದಿರೇನು?" ಎಂದು ಕೇಳಿದಳು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇವತ್ತಿನ ಬಯಾನ್ ಆ ಉತ್ತರದ ಮುಂದುವರಿಕೆ.

ಮೂರು ಕತ್ತಲೆಗಳೊಳಗೆ

ಪವಿತ್ರ ಕುರ್‌ಆನಿನ ಸೂರಃ ಅಲ್‌ಮುಅ್‌ಮಿನೂನ್‌ನಲ್ಲಿ (23:12-14) ಅಲ್ಲಾಹನು ಮನುಷ್ಯನ ಸೃಷ್ಟಿಯ ಹಂತಗಳನ್ನು ನೆನಪಿಸುತ್ತಾನೆ. ಸೂರಃ ಅಝ್ಝುಮರ್‌ನಲ್ಲಿ (39:6) ತಾಯಿಯ ಉದರದ ಮೂರು ಕತ್ತಲೆಗಳ ಒಳಗೆ ಒಂದರ ಬಳಿಕ ಒಂದು ಹಂತದಲ್ಲಿ ನಮ್ಮನ್ನು ರೂಪಿಸುವ ಮಾತು ಬರುತ್ತದೆ. ಮಗು ಹೊಟ್ಟೆಯಲ್ಲಿರುವಾಗಲೇ ಒಬ್ಬ ಮಲಕ್ ಬಂದು ಅದರ ರಿಝ್ಕ್ ಬರೆಯುತ್ತಾನೆ ಎಂದು ಪ್ರವಾದಿಯವರು(ಸ) ತಿಳಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಜ್ಞಾನ ಕಂಡುಹಿಡಿದದ್ದೆಲ್ಲ ಈ ಆಯತಿನಲ್ಲಿ ಮೊದಲೇ ಇತ್ತು ಎಂಬ ಸಂದೇಶಗಳು ಮೊಬೈಲಿನಲ್ಲಿ ಓಡಾಡುತ್ತವೆ. ನಾನು ಹಾಗೆ ಹೇಳಲು ಬಂದಿಲ್ಲ. ಕುರ್‌ಆನ್ ಹಿದಾಯತ್ತಿನ ಗ್ರಂಥ, ವೈದ್ಯಕೀಯ ಪಠ್ಯವಲ್ಲ. ಅದು ನಮಗೆ ನೋಡಿ, ಯೋಚಿಸಿ, ಶುಕ್ರ್ ಮಾಡಿ ಎನ್ನುತ್ತದೆ. ನೋಡುವ ಕೆಲಸವನ್ನು ವೈದ್ಯರು, ವಿಜ್ಞಾನಿಗಳು ಮಾಡಿದ್ದಾರೆ. ಅವರು ಕಂಡದ್ದನ್ನು ಕೇಳಿದರೆ ಶುಕ್ರ್ ತಾನಾಗಿ ಬರುತ್ತದೆ.

ಗರ್ಭ ನಿಂತ ನಾಲ್ಕನೆಯ ವಾರದಲ್ಲಿ ಭ್ರೂಣದ ಹಾಳೆಯಂಥ ಮೈ ಮಡಚಿಕೊಂಡು ಒಳಗೆ ಒಂದು ಕೊಳವೆಯಾಗುತ್ತದೆ. ಇದೇ ಮುಂದೆ ಹೊಟ್ಟೆ ಮತ್ತು ಕರುಳು. ಕರುಳು ಬೆಳೆಯುವ ವೇಗಕ್ಕೆ ಆ ಪುಟ್ಟ ಹೊಟ್ಟೆಯಲ್ಲಿ ಜಾಗ ಸಾಲದು. ಆರನೆಯ ವಾರದ ಹೊತ್ತಿಗೆ ಅದರ ಒಂದು ಸುತ್ತು ಹೊಕ್ಕಳಬಳ್ಳಿಯೊಳಗೆ ಹೋಗಿ ಅಲ್ಲಿ ಬೆಳೆಯುತ್ತದೆ. ಹತ್ತನೆಯ ವಾರದ ಸುಮಾರಿಗೆ ತಿರುಗಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಈ ಹೊತ್ತಿಗೆ ಮಗು ಒಂದು ಹೆಬ್ಬೆರಳಿನಷ್ಟೂ ಇರುವುದಿಲ್ಲ.

ಅದೇ ದಿನಗಳಲ್ಲಿ ಕರುಳಿನ ಒಳಗೋಡೆಯಲ್ಲಿ ಬೆರಳಿನಾಕಾರದ ಸಣ್ಣ ಸಣ್ಣ ಕುಚ್ಚುಗಳು ಏಳುತ್ತವೆ. ಮೊದಲು ಮೇಲಿನ ಕರುಳಿನಲ್ಲಿ, ಆಮೇಲೆ ಕೆಳಗೆ ಕೆಳಗೆ. ಅವುಗಳ ನಡುವೆ ಒಂದೊಂದಾಗಿ ಬೇರೆ ಬಗೆಯ ಜೀವಕೋಶಗಳು ಕಾಣಿಸಿಕೊಳ್ಳುತ್ತವೆ. ಇವು ಆಹಾರ ಹೀರುವ ಜೀವಕೋಶಗಳಲ್ಲ, ಹಾರ್ಮೋನು ಮಾಡುವ ಜೀವಕೋಶಗಳು. ಮೊದಲ ಮೂರು ತಿಂಗಳು ಮುಗಿಯುವ ಹೊತ್ತಿಗೆ ಇವುಗಳಲ್ಲಿ ಹಲವು ಬಗೆಗಳು ಆಗಲೇ ಸಿದ್ಧವಾಗಿರುತ್ತವೆ. ಕೆಲವು ಮನೆಗಳಲ್ಲಿ ಸೊಸೆ ಬಸುರಿ ಎಂಬ ಸುದ್ದಿಯನ್ನು ಅಲ್ಲಿಯವರೆಗೆ ನೆರೆಮನೆಗೂ ಹೇಳಿರುವುದಿಲ್ಲ!

ನೂರರಲ್ಲಿ ಒಂದು ಎಳೆ

ಹಾರ್ಮೋನು ಅಂದರೇನು? ದೇಹದ ಒಂದು ಕಡೆಯಿಂದ ಹೊರಟು ರಕ್ತದ ಮೂಲಕ ಇನ್ನೊಂದು ಕಡೆಗೆ ಸುದ್ದಿ ಮುಟ್ಟಿಸುವ ವಸ್ತು. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಾಣಿಯ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಹಾಕಿದರು. ನರವಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ತನ್ನ ರಸವನ್ನು ಸುರಿಸಿತು. ಸುದ್ದಿ ರಕ್ತದಲ್ಲಿ ಹೋಗಿದೆ ಎಂದು ಅವರಿಗೆ ತಿಳಿಯಿತು. ಆ ಸುದ್ದಿಗಾರನಿಗೆ ಸಿಕ್ರೆಟಿನ್ ಎಂದು ಹೆಸರಿಟ್ಟರು. ಹಾರ್ಮೋನ್ ಎಂಬ ಪದವನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಅಂದರೆ ಹಾರ್ಮೋನಿನ ಕಥೆ ಶುರುವಾದದ್ದೇ ಕರುಳಿನಿಂದ.

ಕರುಳಿನ ಒಳಪದರದ ನೂರು ಜೀವಕೋಶಗಳನ್ನು ಎಣಿಸಿದರೆ ಹಾರ್ಮೋನು ಮಾಡುವುದು ಒಂದೂ ಸಿಗುವುದು ಕಷ್ಟ. ಆದರೂ ಎಲ್ಲವನ್ನೂ ಒಟ್ಟು ಮಾಡಿದರೆ ದೇಹದಲ್ಲಿ ಹಾರ್ಮೋನು ಮಾಡುವ ಅತಿ ದೊಡ್ಡ ಅಂಗ ಕರುಳೇ. ಒಂದು ಬಗೆಯ ಜೀವಕೋಶ ಪಿತ್ತಕೋಶಕ್ಕೆ "ಕೊಬ್ಬು ಬಂದಿದೆ, ಪಿತ್ತ ಬಿಡು" ಎನ್ನುತ್ತದೆ. ಇನ್ನೊಂದು "ಸಕ್ಕರೆ ಬಂದಿದೆ, ಇನ್ಸುಲಿನ್ ತಯಾರು ಮಾಡು" ಎಂದು ಮೇದೋಜೀರಕಕ್ಕೆ ತಿಳಿಸುತ್ತದೆ. ಮತ್ತೊಂದು "ಹಸಿವಾಗಿದೆ" ಎಂದು ಮಿದುಳಿಗೆ ಹೇಳುತ್ತದೆ, ಮಗದೊಂದು "ಸಾಕು" ಎನ್ನುತ್ತದೆ. ಸಕ್ಕರೆ ಕಾಯಿಲೆಗೂ ತೂಕ ಇಳಿಸಲಿಕ್ಕೂ ಈಚೆಗೆ ಬಂದಿರುವ ದುಬಾರಿ ಇಂಜೆಕ್ಷನ್‌ಗಳ ಮಾತು ನೀವು ಕೇಳಿರಬಹುದು. ಅವು ನಕಲು ಮಾಡುವುದು ಜಿಎಲ್‌ಪಿ-1 ಎಂಬ ಹಾರ್ಮೋನನ್ನು. ಅಸಲನ್ನು ಅಲ್ಲಾಹನು ಪ್ರತಿ ಬಡವನ ಮಗುವಿನ ಕರುಳಿನಲ್ಲೂ ಬಿಟ್ಟಿಯಾಗಿ ಇಟ್ಟಿದ್ದಾನೆ.

ನಮ್ಮೂರಿನವರಿಗೆ ಸೀರೆಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಮಗ್ಗದ ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಬಣ್ಣದ ಎಳೆ ಎಲ್ಲಿ ಬರಬೇಕು, ಎಷ್ಟು ಬರಬೇಕು ಎಂಬುದು ಮೊದಲೇ ನಿಶ್ಚಯ. ಕರುಳಿನಲ್ಲೂ ಹಾಗೇ. ಎಲ್ಲ ಜೀವಕೋಶಗಳೂ ಒಂದೇ ಮೂಲದಿಂದ ಹುಟ್ಟುತ್ತವೆ. ಅವುಗಳಲ್ಲಿ ಒಂದು ಹಾರ್ಮೋನಿನ ಕೆಲಸಕ್ಕೆ ನಿಂತರೆ, "ಈ ಕೆಲಸಕ್ಕೆ ನಾನಿದ್ದೇನೆ, ನೀವು ನಿಮ್ಮ ಕೆಲಸ ನೋಡಿ" ಎಂದು ಅಕ್ಕಪಕ್ಕದವಕ್ಕೆ ಸೂಚನೆ ಕೊಡುತ್ತದೆ. ಹೀಗಾಗಿ ಅವು ಒಂದೇ ಕಡೆ ಗುಂಪಾಗದೆ, ಉದ್ದಕ್ಕೂ ಅಲ್ಲಲ್ಲಿ ಕಾವಲಿಗೆ ನಿಂತಂತೆ ಹಂಚಿಕೊಳ್ಳುತ್ತವೆ.

ಆ ಎಳೆ ಇಲ್ಲದೇ ಹೋದರೆ? 2006ರಲ್ಲಿ ವೈದ್ಯರು ಮೂರು ಮಕ್ಕಳ ವಿಷಯ ಪ್ರಕಟಿಸಿದರು. ನ್ಯೂರೋಜೆನಿನ್-3 ಎಂಬ ಒಂದೇ ಒಂದು ಜೀನ್ ಕೆಟ್ಟದ್ದರಿಂದ ಅವರ ಕರುಳಿನಲ್ಲಿ ಈ ಜೀವಕೋಶಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿದ್ದವು. ಉಳಿದ ಕರುಳು ನೋಡಲಿಕ್ಕೆ ಸರಿಯಾಗಿಯೇ ಇತ್ತು. ಆದರೆ ನೀರು ಬಿಟ್ಟು ಏನು ಕೊಟ್ಟರೂ ವಿಪರೀತ ಭೇದಿ. ಬಾಯಿಯಿದೆ, ಹೊಟ್ಟೆಯಿದೆ, ಮುಂದೆ ಹಾಲಿದೆ, ಆದರೂ ಮೈಗೆ ಹತ್ತದು. ರಿಝ್ಕ್ ಅಂದರೆ ತಟ್ಟೆಯಲ್ಲಿರುವ ಅನ್ನ ಮಾತ್ರ ಅಂದುಕೊಂಡಿದ್ದೆವು. ಅನ್ನವನ್ನು ಗುರುತಿಸುವ ಆ ಕಾಣದ ಜೀವಕೋಶವೂ ರಿಝ್ಕೇ ಅಲ್ಲವೇ?

ಕಾದು ಕುಳಿತವರು

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಜೀವಕೋಶಗಳು ಸಿದ್ಧವಾದ ಮೇಲೆ ಆರು ತಿಂಗಳಿಗೂ ಹೆಚ್ಚು ಕಾಲ ಮಗುವಿಗೆ ಬಾಯಿಂದ ಊಟವಿಲ್ಲ. ಪೋಷಣೆಯೆಲ್ಲ ಹೊಕ್ಕಳಬಳ್ಳಿಯಿಂದ. ಮಗು ಸುಮ್ಮನಿರುವುದಿಲ್ಲ, ಸುತ್ತಲಿನ ಗರ್ಭಜಲವನ್ನು ನುಂಗುತ್ತದೆ. ದಿನ ತುಂಬುವ ಹೊತ್ತಿಗೆ ಹೀಗೆ ನುಂಗುವುದು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು. ಇದು ಕರುಳಿಗೆ ಅಭ್ಯಾಸ.

ಆಮೇಲೆ ಹೆರಿಗೆ. ಬಳ್ಳಿ ಕತ್ತರಿಸಿದ ಕ್ಷಣಕ್ಕೆ ಹಳೆಯ ದಾರಿ ಮುಚ್ಚಿತು. ತಾಯಿಯ ಹಾಲು ಹೊಟ್ಟೆಗೆ ಇಳಿಯತೊಡಗಿದಾಗ ಕರುಳಿನ ಹಾರ್ಮೋನುಗಳು ರಕ್ತದಲ್ಲಿ ಏರತೊಡಗುತ್ತವೆ. ಕರುಳು ಬೆಳೆಯಲು, ಚಲಿಸಲು, ಸಕ್ಕರೆಯನ್ನು ಹದದಲ್ಲಿಡಲು ಅವು ನೆರವಾಗುತ್ತವೆ. ದಿನ ತುಂಬದೆ ಹುಟ್ಟಿದ, ಬಾಯಿಂದ ಏನನ್ನೂ ಕೊಡದೆ ಸಲೈನಿನ ಮೇಲೆಯೇ ಇಟ್ಟ ಶಿಶುಗಳಲ್ಲಿ ಈ ಏರಿಕೆ ಕಾಣಲಿಲ್ಲ ಎಂಬುದನ್ನು ವೈದ್ಯರು ನೋಡಿದರು. ಅದಕ್ಕೇ ಇವತ್ತು ಕಾಚಿನ ಪೆಟ್ಟಿಗೆಯಲ್ಲಿಟ್ಟ ಕೂಸಿಗೂ ಆದಷ್ಟು ಬೇಗ ತಾಯಿಯ ಹಾಲನ್ನು ಹನಿ ಹನಿಯಾಗಿ ಕೊಡುತ್ತಾರೆ. ಆ ಹನಿ ಹೊಟ್ಟೆ ತುಂಬಿಸಲಿಕ್ಕಲ್ಲ, ಕಾದು ಕುಳಿತ ಜೀವಕೋಶಗಳನ್ನು ಎಬ್ಬಿಸಲಿಕ್ಕೆ.

ನಾವೇನು ಮಾಡುತ್ತೇವೆ? ಅಲ್ಲಾಹನು ತಿಂಗಳುಗಟ್ಟಲೆ ಮೊದಲೇ ಸಿದ್ಧ ಮಾಡಿಟ್ಟ ಈ ಸ್ವಾಗತಕ್ಕೆ ಮೊದಲ ಅತಿಥಿಯಾಗಿ ಬೆಲ್ಲದ ನೀರು, ಜೇನು, ಘುಟ್ಟಿ, ಔಡಲೆಣ್ಣೆ ಕಳಿಸುತ್ತೇವೆ. ಹಳದಿ ಹಾಲನ್ನು ಚೆಲ್ಲುತ್ತೇವೆ. ಎಮ್ಮೆ ಈದರೆ ಗಿಣ್ಣಕ್ಕಾಗಿ ಪಾತ್ರೆ ಹಿಡಿದು ನೆರೆಮನೆಗೆ ಹೋಗುತ್ತೇವೆ. ಬೆಲ್ಲ ಏಲಕ್ಕಿ ಹಾಕಿ ಕಾಯಿಸಿ ಚಪ್ಪರಿಸುತ್ತೇವೆ. ಕರುವಿನ ಪಾಲಿನ ಗಿಣ್ಣ ನಮಗೆ ರುಚಿ, ನಮ್ಮ ಕೂಸಿನ ಪಾಲಿನ ಗಿಣ್ಣ ನಮಗೆ ಹೊಲಸು! ರೋಗ ತಡೆಯುವ ಶಕ್ತಿ ಇರುವುದು ಆ ಹಳದಿ ಹಾಲಿನಲ್ಲೇ. ಅದು ಬರುವುದು ಚಮಚದ ಲೆಕ್ಕದಲ್ಲಿ, ಮಗುವಿನ ಹೊಟ್ಟೆ ಇರುವುದೂ ಅಷ್ಟೇ. ಅಳತೆ ಮಾಡಿ ಕಳಿಸಿದವನು ಅಲ್ಲಾಹನು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 100ಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಆದರೆ ಹುಟ್ಟಿದ ಒಂದು ತಾಸಿನೊಳಗೆ ತಾಯಿಯ ಹಾಲು ಸಿಕ್ಕ ಮಕ್ಕಳು 100ಕ್ಕೆ ಸುಮಾರು 42. ಉಳಿದವರಿಗೆ ಅಡ್ಡ ಬಂದದ್ದು ಬಡತನವೊಂದೇ ಅಲ್ಲ. ಕೆಲವರಿಗೆ ನಮ್ಮ ಬಾಟಲಿಗಳೂ ಅಡ್ಡ ಬಂದಿವೆ.

ಜೇನು ಮತ್ತು ತಹ್ನೀಕ್

"ಜೇನಿನಲ್ಲಿ ಶಿಫಾ ಇದೆ ಎಂದು ಕುರ್‌ಆನೇ ಹೇಳಿದೆಯಲ್ಲ, ಹಝ್ರತ್?" ಎಂದು ಕೇಳುವವರಿದ್ದಾರೆ. ಹೌದು, ಸೂರಃ ಅನ್ನಹ್ಲ್‌ನಲ್ಲಿದೆ (16:69). ಆದರೆ ಯಾವ ಔಷಧಿಯೂ ಎಲ್ಲ ವಯಸ್ಸಿಗೂ ಒಂದೇ ಅಲ್ಲ. ಒಳ್ಳೆಯ ಅಪ್ಪಟ ಜೇನಿನಲ್ಲೂ ಒಂದು ಬಗೆಯ ರೋಗಾಣುವಿನ ಬೀಜಗಳಿರಬಹುದು. ನಮ್ಮ ಹೊಟ್ಟೆ ಅದನ್ನು ಬೆಳೆಯಲು ಬಿಡದು. ಎಳೆಗೂಸಿನ ಕರುಳಿನಲ್ಲಿ ಅದು ಮೊಳೆತು ವಿಷ ಮಾಡಿದರೆ ಸ್ನಾಯುಗಳು ಸೋತು ಉಸಿರಿಗೇ ಕುತ್ತು. ಇದು ಅಪರೂಪ, ಆದರೆ ಸಾವಿನವರೆಗೂ ಹೋಗಬಹುದು. ಆದ್ದರಿಂದ ಒಂದು ವರ್ಷ ತುಂಬುವ ತನಕ ಜೇನು ಬೇಡ ಎಂಬುದು ವೈದ್ಯರ ಒಮ್ಮತದ ಮಾತು.

ಇನ್ನು ತಹ್ನೀಕ್. ಹಝ್ರತ್ ಅಸ್ಮಾ(ರ) ತಮ್ಮ ಮಗ ಅಬ್ದುಲ್ಲಾಹ್ ಬಿನ್ ಝುಬೈರ್‌ರನ್ನು ಎತ್ತಿಕೊಂಡು ಬಂದಾಗ ಪ್ರವಾದಿಯವರು(ಸ) ಖರ್ಜೂರವನ್ನು ಅಗಿದು ಮಗುವಿನ ಬಾಯಿಗೆ ಸವರಿ ಬರಕತ್ತಿಗಾಗಿ ದುಆ ಮಾಡಿದರು. ಅದು ಖರ್ಜೂರ, ಜೇನಲ್ಲ. ಅದು ಮುಸ್ತಹಬ್, ಫರ್ಝ್ ಅಲ್ಲ. ಅದಕ್ಕಾಗಿ ತಾಯಿಯ ಹಾಲನ್ನು ತಡೆದು ಕಾಯಿಸಿ ಎಂದು ಯಾರೂ ಹೇಳಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಹಾಲು. ತಹ್ನೀಕ್ ಮಾಡುವ ಆಸೆಯಿದ್ದರೆ ವೈದ್ಯರನ್ನು ಕೇಳಿ. ಒಪ್ಪಿದರೆ ತೊಳೆದ ಬೆರಳಿನಲ್ಲಿ ಖರ್ಜೂರದ ಪಸೆ ಮಾತ್ರ ಸವರಿ, ತುಣುಕು ಇಡಬೇಡಿ. ಬೇಡ ಅಂದರೆ ದುಆ ಮಾಡಿ ಎದ್ದು ಬನ್ನಿ. ನೀವು ಗುನಾಹ್‌ಗಾರರಾಗುವುದಿಲ್ಲ. ಮನೆಯಲ್ಲಿ ಝಮ್‌ಝಮ್ ಇದ್ದರೆ ತಾಯಿಗೆ ಕುಡಿಸಿ, ಮಗುವಿಗೆ ತಾಯಿಯ ಹಾಲೇ ಸಾಕು.

ಮೈಸೂರಿನ ತಾಯಂದಿರು ಕಲಿಸಿದ ಪಾಠ

ಹುಟ್ಟಿದ ಮೇಲಿನ ಮಾತಾಯಿತು. ಗರ್ಭದಲ್ಲಿರುವಾಗಿನ ಲೆಕ್ಕವೂ ಇದೆ. ಇದನ್ನು ನಮ್ಮ ಕರ್ನಾಟಕದಲ್ಲೇ ನೋಡಿದ್ದಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳಿದ್ದವು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ, ಅವರ ಆರೋಗ್ಯವನ್ನು ಹುಟ್ಟಿನ ದಾಖಲೆಯೊಂದಿಗೆ ಹೋಲಿಸಿದರು. ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರ ಸಕ್ಕರೆ ಪರೀಕ್ಷೆ ಮಾಡಿದರು. 100ಕ್ಕೆ ಸುಮಾರು 6 ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಒಂಬತ್ತೂವರೆ ವರ್ಷಕ್ಕೇ ಆ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು, ರಕ್ತದಲ್ಲಿ ಇನ್ಸುಲಿನ್ ಹೆಚ್ಚು ಕಂಡಿತು.

ಇದು ಕರುಳಿನ ಜೀವಕೋಶಗಳನ್ನೇ ಎಣಿಸಿದ ಅಧ್ಯಯನವಲ್ಲ. ಆದರೆ ಗರ್ಭದಲ್ಲಿ ಸಿಕ್ಕದ್ದು, ಸಿಗದೆ ಹೋದದ್ದು ಗರ್ಭದಲ್ಲೇ ಮುಗಿಯುವುದಿಲ್ಲ ಎಂಬುದನ್ನು ತೋರಿಸಿತು. ಹೆಂಡತಿಯ ತಾಯಿ ಕಾರ್ಡ್ ಆದಾಗಲೇ ಸಕ್ಕರೆ ಪರೀಕ್ಷೆ ಮಾಡಿಸಿ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ತಾಸು ಬಿಟ್ಟು ರಕ್ತ ನೋಡುತ್ತಾರೆ. 140 ಮುಟ್ಟಿದರೆ ಅಥವಾ ದಾಟಿದರೆ ಚಿಕಿತ್ಸೆ ಬೇಕು. "ನಮ್ಮ ಮನೆತನದಲ್ಲಿ ಯಾರಿಗೂ ಶುಗರ್ ಇಲ್ಲ" ಎನ್ನುವುದು ಪರೀಕ್ಷೆಯಲ್ಲ.

ಉಣ್ಣಿಸುವ ಹೊಣೆ ಯಾರದು?

ಸೂರಃ ಅಲ್‌ಬಕರದ 233ನೆಯ ಆಯತನ್ನು ನಾವು ಅರ್ಧ ಮಾತ್ರ ನೆನಪಿಟ್ಟಿದ್ದೇವೆ. ತಾಯಂದಿರು ಎರಡು ವರ್ಷ ಹಾಲುಣಿಸುವ ಮಾತನ್ನು ಹೇಳುತ್ತೇವೆ. ಆ ತಾಯಿಯ ಊಟ ಬಟ್ಟೆಯ ಹೊಣೆ ತಂದೆಯ ಮೇಲಿದೆ ಎಂಬ ಮುಂದಿನ ಮಾತನ್ನು ನುಂಗಿಬಿಡುತ್ತೇವೆ.

ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ನೋಡಿ. ಬಸುರಿ ಹೆಂಗಸು ಬೆಳಗಿನಿಂದ ಕಂಡಿಕೆ ಸುತ್ತುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಎಲ್ಲರೂ ಉಂಡ ಮೇಲೆ ಉಳಿದ ಪಲ್ಯದಲ್ಲಿ ಉಣ್ಣುತ್ತಾಳೆ. ಮೊಟ್ಟೆ, ಮಾಂಸ ಗಂಡಸರ ತಟ್ಟೆಗೆ, ಸಾರು ಅವಳ ತಟ್ಟೆಗೆ. ಅವಳ ಹೊಟ್ಟೆಯಲ್ಲಿ ಈ ಕ್ಷಣ ಒಂದು ಕರುಳು ನೇಯುತ್ತಿದೆ ಎಂದು ನಮಗೆ ನೆನಪಿರುವುದಿಲ್ಲ. ಹಾಸಿಗೇ ನೂಲು ಕಡಿಮೆ ಕೊಟ್ಟು ಸೀರೆ ಗಟ್ಟಿ ಬರಲಿ ಅನ್ನುವ ನೇಕಾರ ಇಳಕಲ್‌ನಲ್ಲಿ ಇದ್ದಾನೆಯೇ?

ಹಝ್ರತ್ ಉಮರ್(ರ) ಅವರ ಕಾಲದ ಘಟನೆಯೊಂದು ಇತಿಹಾಸದಲ್ಲಿ ಬರುತ್ತದೆ. ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಬೈತುಲ್ಮಾಲ್‌ನಿಂದ ಭತ್ಯೆ ಸಿಗುತ್ತಿತ್ತು. ಒಂದು ರಾತ್ರಿ ಗಸ್ತಿನಲ್ಲಿ ಅವರು ಮಗುವಿನ ಅಳು ಕೇಳಿದರು. ಮತ್ತೆ ಮತ್ತೆ ಹೋಗಿ ವಿಚಾರಿಸಿದಾಗ, ಭತ್ಯೆ ಬೇಗ ಸಿಗಲೆಂದು ತಾಯಿ ಹೊತ್ತಿಗೆ ಮುಂಚೆ ಹಾಲು ಬಿಡಿಸುತ್ತಿದ್ದಾಳೆಂದು ತಿಳಿಯಿತು. ಎದುರಿಗಿದ್ದವರು ಖಲೀಫರೆಂದು ಆಕೆಗೆ ಗೊತ್ತಿರಲಿಲ್ಲ. ಆ ದಿನ ಫಜ್ರ್‌ನಲ್ಲಿ ಅವರ ಅಳುವಿಗೆ ಕಿರಾಅತ್ ಜನರಿಗೆ ಸರಿಯಾಗಿ ಕೇಳಿಸಲಿಲ್ಲ. ನಮಾಝ್ ಮುಗಿದೊಡನೆ ಹುಟ್ಟಿದ ಪ್ರತಿ ಮಗುವಿಗೂ ಹುಟ್ಟಿದಂದಿನಿಂದಲೇ ಭತ್ಯೆ ಎಂದು ಸಾರಿಸಿದರು. ತಾವೇ ಮಾಡಿದ ನಿಯಮ ತಪ್ಪೆಂದು ಕಂಡಾಗ ತಿದ್ದಿಕೊಳ್ಳಲು ಅವರಿಗೆ ಒಂದು ರಾತ್ರಿ ಸಾಕಾಯಿತು. ನಮಗೆ ಇಪ್ಪತ್ತು ವರ್ಷ ಬೇಕೇ?

ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ಇದೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ. ಜೊತೆಗೆ ಕಬ್ಬಿಣದ ಮಾತ್ರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲ ಕಡೆಯೂ ಅಂಗನವಾಡಿಗಳಿವೆ. "ನಮ್ಮ ಸೊಸೆ ಅಲ್ಲಿ ಹೋಗಿ ಉಣ್ಣುವುದೇ?" ಎಂದು ಮರ್ಯಾದೆಯ ಮಾತು ಆಡುವವರು ಮನೆಯಲ್ಲಿ ಅಷ್ಟೇ ಊಟ ಬಡಿಸಿ ತೋರಿಸಲಿ.

ರಮಝಾನ್ ಬಂದಾಗ ಬಸುರಿ, ಬಾಣಂತಿಯರಿಗೆ ತಮಗೋ ಮಗುವಿಗೋ ತೊಂದರೆಯಾದೀತೆಂಬ ಭಯವಿದ್ದರೆ ಶರೀಅತ್ ರಿಯಾಯಿತಿ ಕೊಟ್ಟಿದೆ. ಆಮೇಲೆ ಕಝಾ ಮಾಡಿಕೊಳ್ಳಬಹುದು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಅತ್ತೆ, ನಾದಿನಿ, ಗಂಡ ಕಿತ್ತುಕೊಳ್ಳುವಂತಿಲ್ಲ.

ಕೊನೆಯ ಮಾತು

ಆ ರಾತ್ರಿ ಯುವಕನ ಜೊತೆ ಅವನ ಮನೆಗೆ ಹೋದೆ. ದಾದಿಯವರು ಹೊಸ್ತಿಲಲ್ಲೇ ಕುಳಿತಿದ್ದರು. "ಅಮ್ಮಾ, ಮೊದಲ ಹಕ್ಕು ತಾಯಿಯ ಹಾಲಿನದು, ಅಲ್ಲಾಹನು ಮಗುವಿನ ಹೊಟ್ಟೆಯಲ್ಲಿ ಅದಕ್ಕೇ ಎಲ್ಲ ತಯಾರಿ ಮಾಡಿ ಕಳಿಸಿದ್ದಾನೆ" ಅಂದೆ. ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಹೋದ ವರ್ಷ ನೀವ ಜೇನ ಮುಟ್ಟಿಸಿದ್ರಲ್ಲ, ನಮ್ಮ ಮಗಳ ಕೂಸಿಗೆ?" ಎಂದು ಕೇಳಿದರು. "ಹೌದಮ್ಮಾ, ಅದು ನನ್ನ ತಪ್ಪು" ಅಂದೆ. ಅವರು ಎದ್ದು ಒಳಗೆ ಹೋದರು. ತುಸು ಹೊತ್ತಿಗೆ ಮಗುವಿನ ಅಳು ನಿಂತಿತು. ಬಾಗಿಲಲ್ಲೇ ನಿಂತು ದುಆ ಮಾಡಿ ಬಂದೆ. ಬಾಟಲಿಯನ್ನು ಹುಡುಗ ನನಗೇ ಕೊಟ್ಟ. ಮನೆಯಲ್ಲಿ ರೊಟ್ಟಿಯ ಜೊತೆ ನಾವೇ ತಿಂದೆವು.

ಹಿರಿಯರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರು ಪ್ರೀತಿಯಿಂದಲೇ ಮಾಡಿದರು. ಆದರೆ ತಿಳಿದ ಮೇಲೆ ಹೊಣೆ ಹೆಚ್ಚುತ್ತದೆ. ಸೂರಃ ಅನ್ನಜ್ಮ್‌ನಲ್ಲಿ (53:32) ನಾವು ತಾಯಂದಿರ ಗರ್ಭದಲ್ಲಿ ಭ್ರೂಣಗಳಾಗಿದ್ದಾಗಲೇ ಅಲ್ಲಾಹನು ನಮ್ಮನ್ನು ಚೆನ್ನಾಗಿ ಬಲ್ಲ ಎಂದು ನೆನಪಿಸಿ, ನಾವೇ ಪರಿಶುದ್ಧರೆಂದು ಬೀಗಬೇಡಿ ಎಂಬ ಎಚ್ಚರಿಕೆಯಿದೆ. ಹೆಬ್ಬೆರಳಿಗಿಂತ ಚಿಕ್ಕವರಾಗಿದ್ದಾಗ ನಮಗಾಗಿ ನಡೆದ ತಯಾರಿಯಲ್ಲಿ ನಮ್ಮ ಜಾಣತನ ಏನೂ ಇರಲಿಲ್ಲ.

ಓ ಅಲ್ಲಾಹ್, ನಮ್ಮ ಮನೆಗಳ ಗರ್ಭಿಣಿಯರಿಗೆ ಆರೋಗ್ಯ ಕೊಡು. ನೀನು ಮಕ್ಕಳ ಒಳಗಿಟ್ಟ ಅಮಾನತ್ತನ್ನು ನಮ್ಮ ಕೈಯಿಂದ ಕೆಡಿಸದಿರುವ ತಿಳಿವಳಿಕೆ ಕೊಡು. ತಿಳಿಯದೆ ಮಾಡಿದ್ದನ್ನು ಕ್ಷಮಿಸು. ತಿಳಿದದ್ದನ್ನು ಮಾಡುವ ತೌಫೀಕ್ ಕೊಡು. ಆಮೀನ್.